ಜಾವಾದ ಅಂಚೆ ರಸ್ತೆ: ಸಾವಿರ ಕಿಲೋಮೀಟರ್ ಬೆವರಿನ ಕಥೆ

ಇಂಡೊನೇಷ್ಯದ ಜಾವಾ ದ್ವೀಪದ ಪಶ್ಚಿಮ ತುದಿಯಲ್ಲಿ ಆನ್ಯೆರ್ ಎಂಬ ಕಡಲ ತೀರದ ಊರಿದೆ. ಅಲ್ಲೊಂದು ಬಿಳಿಯ ದೀಪಸ್ತಂಭ. 1883ರಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದು ಎದ್ದ ದೈತ್ಯ ಅಲೆಗಳಿಗೆ ಅಲ್ಲಿದ್ದ ಹಳೆಯ ಸ್ತಂಭ ಕೊಚ್ಚಿಹೋಯಿತು. ಈಗಿರುವುದು 1885ರಲ್ಲಿ ಕಟ್ಟಿದ್ದು. ಇದರ ಬಳಿ ಉಳಿದಿರುವ ಹಳೆಯ ಸ್ತಂಭದ ಬುಡವೇ ಒಂದು ಹೆಸರಾಂತ ರಸ್ತೆಯ ಸೊನ್ನೆ ಕಿಲೋಮೀಟರ್ ಗುರುತು. ಇಲ್ಲಿಂದ ಪೂರ್ವಕ್ಕೆ ಹೊರಟ ರಸ್ತೆ ಜಕಾರ್ತ, ಬೋಗೋರ್, ಬಾಂಡುಂಗ್, ಚಿರೆಬೋನ್, ಸೆಮರಾಂಗ್, ಸುರಬಾಯ ನಗರಗಳನ್ನು ಹಾದು, ಸುಮಾರು ಸಾವಿರ ಕಿ.ಮೀ. ದೂರದ ಪನಾರುಕನ್ ಬಂದರಿನಲ್ಲಿ ಕೊನೆಗೊಳ್ಳುತ್ತದೆ.

ಜಾವಾವನ್ನು ನೆಲದ ಮೇಲಿಂದಲೇ ನೋಡಬೇಕೆನ್ನುವ ಪ್ರವಾಸಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಮೆಟ್ಟಿಲು ಮೆಟ್ಟಿಲಾದ ಭತ್ತದ ಗದ್ದೆಗಳು, ಮಂಜು ಮುಸುಕಿದ ಚಹಾ ತೋಟಗಳು, ದೂರದಲ್ಲಿ ಹೊಗೆಯಾಡುವ ಜ್ವಾಲಾಮುಖಿಗಳು, ಐದು ಶತಮಾನ ಹಳೆಯ ಮಸೀದಿಗಳು, ಬಾಟಿಕ್ ಬಟ್ಟೆಗೆ ಬಣ್ಣ ಹಾಕುವ ಕೇರಿಗಳು, ಎಲ್ಲವೂ ಈ ಒಂದೇ ದಾರಿಯ ಆಸುಪಾಸಿನಲ್ಲಿವೆ. ಆದರೆ ದಾರಿಯ ಪಕ್ಕದ ನೋಟಗಳಷ್ಟೇ ಗಮನಾರ್ಹವಾದುದು ಈ ದಾರಿಯ ಸ್ವಂತ ಕಥೆ. ಡಚ್ಚರು ಇದನ್ನು ‘ಮಹಾ ಅಂಚೆ ರಸ್ತೆ’ ಎಂದು ಕರೆದರು. ಜಾವಾದ ಜನ ಇಂದಿಗೂ ‘ಡಾಂಡೆಲ್ಸ್ ರಸ್ತೆ’ ಎನ್ನುತ್ತಾರೆ.

ಸಿಡುಕಿನ ದೊರೆ

ಹರ್ಮನ್ ವಿಲ್ಲೆಮ್ ಡಾಂಡೆಲ್ಸ್ 1762ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದವನು. ಫ್ರಾನ್ಸಿನ ಕ್ರಾಂತಿಯ ಗಾಳಿ ತಾಗಿದ್ದ ವಕೀಲ. ನಂತರ ಸೈನಿಕನಾಗಿ ಮಾರ್ಷಲ್ ಪದವಿಗೇರಿದ. ಆಗ ಹಾಲೆಂಡ್ ನೆಪೋಲಿಯನ್ನನ ಹಿಡಿತದಲ್ಲಿತ್ತು. ನೆಪೋಲಿಯನ್ನನ ತಮ್ಮ ಲೂಯಿ ಅಲ್ಲಿನ ದೊರೆ. ಜಾವಾವನ್ನು ಬ್ರಿಟಿಷರ ಕೈಗೆ ಬೀಳದಂತೆ ಕಾಯಲು ಲೂಯಿ 1807ರಲ್ಲಿ ಡಾಂಡೆಲ್ಸ್‌ನನ್ನು ಗವರ್ನರ್ ಜನರಲ್ ಆಗಿ ನೇಮಿಸಿದ. 1808ರ ಜನವರಿಯಲ್ಲಿ ಆತ ಬಂದಿಳಿದದ್ದು ಇದೇ ಆನ್ಯೆರ್‌ನಲ್ಲಿ.

ಬಂದವನಿಗೆ ಕಂಡದ್ದು ಕೈಲಾಗದ ಆಡಳಿತ. ಸಮುದ್ರದಲ್ಲಿ ಬ್ರಿಟಿಷ್ ನೌಕೆಗಳ ಕಾವಲು. ಅಲ್ಲಿಯವರೆಗೆ ಜಾವಾದ ಒಂದು ತುದಿಯಿಂದ ಇನ್ನೊಂದು ತುದಿಗೆ ಕಾಗದ ಪತ್ರ, ಸೈನ್ಯ, ಸರಕು ಹೆಚ್ಚಾಗಿ ಹಡಗಿನಲ್ಲೇ ಹೋಗುತ್ತಿತ್ತು. ಕಡಲ ದಾರಿ ಮುಚ್ಚಿದರೆ ಬಟೇವಿಯಕ್ಕೂ (ಈಗಿನ ಜಕಾರ್ತ) ಸುರಬಾಯಕ್ಕೂ ಸಂಬಂಧವೇ ತಪ್ಪಿದಂತೆ. ನೆಲದ ಮೇಲೆ ತುಂಡು ತುಂಡು ದಾರಿಗಳಿದ್ದವು. ಮಳೆಗಾಲದಲ್ಲಿ ಅವು ಕೆಸರಿನ ಹೊಂಡಗಳು. ಈ ತುಂಡುಗಳನ್ನು ಅಗಲಿಸಿ, ಜೋಡಿಸಿ, ದಾರಿಯೇ ಇಲ್ಲದ ಬೆಟ್ಟಗಳಲ್ಲಿ ಹೊಸದಾಗಿ ಕಡಿದು, ದ್ವೀಪದ ಉದ್ದಕ್ಕೂ ಒಂದೇ ರಸ್ತೆ ಮಾಡಬೇಕೆಂದು ಡಾಂಡೆಲ್ಸ್ ನಿರ್ಧರಿಸಿದ. ಬೋಗೋರ್‌ನಿಂದ ಚಿರೆಬೋನ್ ಕಡೆಗೆ ಹೋಗುವ ಬೆಟ್ಟದ ಭಾಗದ ಆಜ್ಞೆ ಹೊರಟದ್ದು 1808ರ ಮೇ ತಿಂಗಳಲ್ಲಿ.

ಇನ್ನೊಂದು ಕಾರಣವೂ ಇತ್ತು: ಕಾಫಿ. ಬಾಂಡುಂಗ್ ಸುತ್ತಲಿನ ಪ್ರಿಯಾಂಗನ್ ಗುಡ್ಡನಾಡಿನ ರೈತರು ಹದಿನೆಂಟನೆಯ ಶತಮಾನದ ಆರಂಭದಿಂದಲೂ ಡಚ್ಚರಿಗೆ ಕಡ್ಡಾಯವಾಗಿ ಕಾಫಿ ಬೆಳೆದು ಒಪ್ಪಿಸಬೇಕಾಗಿತ್ತು. ಆ ಮೂಟೆಗಳು ಬೆಟ್ಟದಿಂದ ಬಂದರಿಗೆ ಇಳಿಯಲು ಒಳ್ಳೆಯ ದಾರಿ ಬೇಕಿತ್ತು. ಕರ್ನಾಟಕದ ಓದುಗರಿಗೆ ಇಲ್ಲೊಂದು ಕುತೂಹಲದ ಸಂಗತಿ ಉಂಟು. ಡಚ್ಚರು ಜಾವಾಕ್ಕೆ ಮೊದಲ ಕಾಫಿ ಸಸಿಗಳನ್ನು ತರಿಸಿದ್ದು 1696ರಲ್ಲಿ, ನಮ್ಮ ಮಲಬಾರ್ ಕರಾವಳಿಯಿಂದ. ಅಂದರೆ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ನೆಟ್ಟರೆಂದು ಐತಿಹ್ಯ ಹೇಳುವ ಇದೇ ಪಶ್ಚಿಮ ಘಟ್ಟದ ಸೀಮೆಯ ಕರಾವಳಿಯಿಂದ.

ಯಾರ ದುಡಿಮೆ?

ರಸ್ತೆಯ ಅಗಲ ಸುಮಾರು ಏಳೂವರೆ ಮೀಟರ್. ಕೆಲಸಕ್ಕೆ ಇದ್ದದ್ದು ಗುದ್ದಲಿ, ಪಿಕಾಸಿ, ಬುಟ್ಟಿ, ಮನುಷ್ಯರ ಕೈ. ಪ್ರತಿ ಜಿಲ್ಲೆಯ ದೇಶೀ ಅಧಿಕಾರಿಯನ್ನು ಅಲ್ಲಿ ‘ಬುಪಾತಿ’ ಎನ್ನುತ್ತಾರೆ. ಮೂಲ ಸಂಸ್ಕೃತದ ‘ಭೂಪತಿ’ಯೇ. ತನ್ನ ಸೀಮೆಯಿಂದ ಆಳುಗಳನ್ನು ಒದಗಿಸುವುದು, ಹೇಳಿದ ಗಡುವಿನೊಳಗೆ ತನ್ನ ಪಾಲಿನ ದಾರಿ ಮುಗಿಸುವುದು ಬುಪಾತಿಯ ಹೊಣೆ. ತಪ್ಪಿದರೆ ಶಿಕ್ಷೆ. ಬೆಟ್ಟದ ಭಾಗಕ್ಕೆ ಸರಕಾರ ಒಂದಿಷ್ಟು ಹಣ ತೆಗೆದಿಟ್ಟು ಬುಪಾತಿಗಳ ಕೈಗೆ ಕೊಟ್ಟದ್ದುಂಟು. ಅದರಲ್ಲಿ ಕೂಲಿಯವನಿಗೆ ತಲುಪಿದ್ದೆಷ್ಟು ಎಂಬುದು ಇಂಡೊನೇಷ್ಯದ ಇತಿಹಾಸಕಾರರ ನಡುವೆ ಇಂದಿಗೂ ವಾದದ ವಿಷಯ. ಮುಂದೆ ಬೊಕ್ಕಸ ಬರಿದಾದಾಗ ಪೂರ್ವದ ಸೀಮೆಗಳಲ್ಲಿ ನಡೆದದ್ದು ಬಿಟ್ಟಿ ದುಡಿಮೆ. ನಮ್ಮ ಹಳ್ಳಿಗಳಲ್ಲಿ ಹಿಂದೆ ‘ಬಿಟ್ಟಿ ಬೇಗಾರಿ’ ಎನ್ನುತ್ತಿದ್ದರಲ್ಲ, ಅದೇ.

ಹಸಿವು, ಮಲೇರಿಯಾ, ಕುಸಿಯುವ ಮಣ್ಣು, ಮಳೆ ಇವುಗಳ ನಡುವೆ ಸತ್ತವರೆಷ್ಟು? ಇಂಡೊನೇಷ್ಯದ ಹೆಸರಾಂತ ಕಾದಂಬರಿಕಾರ ಪ್ರಮೂದ್ಯ ಅನಂತ ತೂರ್ 2005ರಲ್ಲಿ ಈ ರಸ್ತೆಯ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. ಬ್ರಿಟಿಷ್ ಮೂಲಗಳನ್ನು ಆಧರಿಸಿ ಅವರು ಕೊಡುವ ಸಂಖ್ಯೆ 12,000. ಇದು ಲೆಕ್ಕಕ್ಕೆ ಸಿಕ್ಕವರದು ಮಾತ್ರ ಎಂಬುದು ಅವರ ನಿಲುವು. ಯಾವ ಊರಿನವರು, ಯಾವ ಹೆಸರಿನವರು ಎಂದು ಬರೆದಿಟ್ಟ ಪಟ್ಟಿ ಇಲ್ಲ. ಡಾಂಡೆಲ್ಸ್‌ನ ಕಡತಗಳಲ್ಲಿ ದಾರಿಯ ಉದ್ದಕ್ಕೆ, ಅಗಲಕ್ಕೆ, ಖರ್ಚಿಗೆ ಲೆಕ್ಕವಿತ್ತು, ದುಡಿದವರಿಗೆ ಇರಲಿಲ್ಲ.

ಎಡಗೈ ಕೊಟ್ಟ ರಾಜಕುಮಾರ

ಬಾಂಡುಂಗ್‌ನಿಂದ ಪೂರ್ವಕ್ಕೆ ಹೊರಟರೆ ಸುಮೆದಾಂಗ್ ಬಳಿ ದಾರಿ ಕಲ್ಲು ಬೆಟ್ಟವೊಂದರ ಪಕ್ಕೆಯನ್ನು ಸೀಳಿಕೊಂಡು ಸುತ್ತುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಈ ತಿರುವಿಗೆ ‘ಚಡಾಸ್ ಪಂಗೇರನ್’, ಅಂದರೆ ರಾಜಕುಮಾರನ ಬಂಡೆ ಎಂದು ಹೆಸರು. ಅಲ್ಲಿ ಇಬ್ಬರು ಕೈ ಕುಲುಕುವ ಪ್ರತಿಮೆ ಇದೆ. ಒಬ್ಬ ಡಾಂಡೆಲ್ಸ್. ಇನ್ನೊಬ್ಬ ಸುಮೆದಾಂಗ್‌ನ ಬುಪಾತಿ, ಜನರ ಬಾಯಲ್ಲಿ ‘ಪಂಗೇರನ್ ಕೋರ್ನೆಲ್’. ಆತ ಡಾಂಡೆಲ್ಸ್‌ನ ಬಲಗೈಗೆ ಕೊಟ್ಟಿರುವುದು ತನ್ನ ಎಡಗೈ. ಅವನ ಬಲಗೈ ಸೊಂಟದ ಕಠಾರಿಯ ಮೇಲಿದೆ. ತನ್ನ ಪ್ರಜೆಗಳು ಬಂಡೆ ಒಡೆಯುತ್ತ ಸಾಯುವುದನ್ನು ನೋಡಲಾರದೆ ಬುಪಾತಿ ದೊರೆಗೆ ಹೀಗೆ ಸವಾಲು ಹಾಕಿದನೆಂದು ಸ್ಥಳೀಯರು ಹೇಳುತ್ತಾರೆ.

ಆದರೆ ಅದೇ ಸ್ಥಳದ ಶಾಸನ ಬೇರೆಯೇ ಮಾತು ಹೇಳುತ್ತದೆ. ಅದರ ಪ್ರಕಾರ ಬಂಡೆ ಕಡಿದದ್ದು 1811ರ ನವೆಂಬರ್‌ನಿಂದ 1812ರ ಮಾರ್ಚ್‌ವರೆಗೆ. ಡಾಂಡೆಲ್ಸ್ ಅಧಿಕಾರ ಬಿಟ್ಟದ್ದು 1811ರ ಮೇ ತಿಂಗಳಲ್ಲಿ. ಕಲ್ಲಿನ ಮೇಲಿನ ದಿನಾಂಕ ನಿಜವಾದರೆ, ಆ ಬಂಡೆ ಒಡೆಯುವಾಗ ಜಾವಾದಲ್ಲಿ ಇದ್ದವರು ಬ್ರಿಟಿಷರು. ಹಾಗಾದರೆ ಎಡಗೈಯ ಕಥೆ ಹುಸಿಯೇ? ದಿನಾಂಕದ ಮಟ್ಟಿಗೆ ಅದು ನಿಲ್ಲಲಿಕ್ಕಿಲ್ಲ. ಆದರೆ ಕಡತದಲ್ಲಿ ಜಾಗ ಸಿಗದ ಸಂಕಟಕ್ಕೆ ಜನ ಕಥೆಯಲ್ಲಿ ಜಾಗ ಮಾಡಿಕೊಟ್ಟಿದ್ದಾರೆ. ಧಣಿ ಬದಲಾದರೂ ಬಿಟ್ಟಿ ದುಡಿಮೆ ಬದಲಾಗಲಿಲ್ಲ ಎಂಬುದನ್ನು ಶಾಸನವೂ ಕಥೆಯೂ ಸೇರಿಯೇ ತಿಳಿಸುತ್ತವೆ.

ಬಂದವರು ಬ್ರಿಟಿಷರು

ಯಾರನ್ನು ತಡೆಯಲೆಂದು ರಸ್ತೆ ಹುಟ್ಟಿತೋ ಅವರೇ 1811ರ ಆಗಸ್ಟ್‌ನಲ್ಲಿ ಬಟೇವಿಯದ ಬಳಿ ಇಳಿದರು. ಆ ದಂಡು ಹೊರಟದ್ದು ಮದ್ರಾಸು ಮತ್ತು ಬಂಗಾಳದಿಂದ. ಅದರಲ್ಲಿ ದೊಡ್ಡ ಸಂಖ್ಯೆಯಲ್ಲಿ ಭಾರತೀಯ ಸಿಪಾಯಿಗಳಿದ್ದರು. ಡಚ್ಚರ ಕೋಟೆಯ ಮೇಲಿನ ದಾಳಿಯ ಮುಂಚೂಣಿಯಲ್ಲಿದ್ದ ಕರ್ನಲ್ ಗಿಲೆಸ್ಪಿ, 1806ರಲ್ಲಿ ವೆಲ್ಲೂರಿನ ಸಿಪಾಯಿ ದಂಗೆಯನ್ನು ಅಡಗಿಸಿದ್ದವನೇ. ಟಿಪ್ಪು ಸುಲ್ತಾನನ ಮಕ್ಕಳನ್ನು ಇರಿಸಿದ್ದ ಕೋಟೆ ಅದು. ಸೆಪ್ಟೆಂಬರ್‌ನಲ್ಲಿ ಡಚ್ಚರು ಶರಣಾದರು. ಡಾಂಡೆಲ್ಸ್ ಅಷ್ಟರಲ್ಲಿ ಯೂರೋಪಿಗೆ ಹೊರಟಾಗಿತ್ತು. ಮುಂದೆ ಆತ ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯಲ್ಲಿ ಸೇರಿ, ಕೊನೆಗೆ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲಿ ಡಚ್ಚರ ಗವರ್ನರನಾಗಿ 1818ರಲ್ಲಿ ತೀರಿಕೊಂಡ.

ಡಚ್ಚರು 1816ರಲ್ಲಿ ಜಾವಾಕ್ಕೆ ಮರಳಿದರು. 1830ರ ನಂತರ ಹಳ್ಳಿಗಳು ತಮ್ಮ ಜಮೀನಿನ ಒಂದು ಪಾಲಿನಲ್ಲಿ ಸರಕಾರಕ್ಕಾಗಿ ಕಬ್ಬು, ಕಾಫಿ, ನೀಲಿ ಬೆಳೆಯಬೇಕೆಂಬ ಕಟ್ಟಳೆ ಬಂತು. ಆ ಫಸಲು ಬಂದರು ಸೇರುವುದಕ್ಕೂ ಈ ರಸ್ತೆ ನೆರವಾಯಿತು. ಪ್ರವಾಸಿಗಳು ಬರತೊಡಗಿದ್ದೂ ಇದೇ ಕಾಲದಲ್ಲಿ. ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೆಸ್ 1861ರಲ್ಲಿ ಜಾವಾಕ್ಕೆ ಬಂದರು. ಇಲ್ಲಿನ ಪ್ರಯಾಣ ಬಹಳ ಸುಖದ್ದು, ಆದರೆ ಬಹಳ ದುಬಾರಿ ಎಂದು ಅವರು ಬರೆದಿದ್ದಾರೆ. ಸಾರೋಟನ್ನು ಬಾಡಿಗೆಗೆ ಹಿಡಿಯಬೇಕು. ಆರಾರು ಮೈಲಿಗೆ ಕುದುರೆ ಬದಲಾಗುತ್ತವೆ. ಗಂಟೆಗೆ ಹತ್ತು ಮೈಲಿ ವೇಗ. ಮೈಲಿಗೆ ಎರಡೂವರೆ ಷಿಲಿಂಗ್. ಇದು ಸಾಹೇಬರ ದಾರಿ. ರಸ್ತೆ ಹಾಕಿದ ರೈತನ ಕೋಣದ ಗಾಡಿಗೆ ಇದರ ಮೇಲೆ ಪ್ರವೇಶವಿರಲಿಲ್ಲ. ಅವನಿಗೆ ಪಕ್ಕದಲ್ಲೇ ಬೇರೆ ಗಾಡಿಜಾಡು.

ಮೊದಲ ರೈಲು 1867ರಲ್ಲಿ ಸೆಮರಾಂಗ್‌ನಿಂದ ಹೊರಟಿತು. 1894ರ ಹೊತ್ತಿಗೆ ಬಟೇವಿಯ ಮತ್ತು ಸುರಬಾಯ ರೈಲಿನಿಂದ ಕೂಡಿದವು. 1908ರಲ್ಲಿ ಬಟೇವಿಯದಲ್ಲಿ ಪ್ರವಾಸೋದ್ಯಮಕ್ಕಾಗಿಯೇ ಒಂದು ಕಚೇರಿ ತೆರೆಯಿತು. ಜಾವಾ ‘ಪೂರ್ವದ ಉದ್ಯಾನ’ವೆಂದು ಹೆಸರಾಯಿತು.

ಹೆಸರು ಬದಲಿಸಿಕೊಂಡ ದಾರಿ

ಬಾಂಡುಂಗ್ ನಗರವೇ ಈ ರಸ್ತೆಯ ಕೂಸು. ಡಾಂಡೆಲ್ಸ್‌ನ ಆಜ್ಞೆಯಂತೆ ಅಲ್ಲಿನ ಬುಪಾತಿ ತನ್ನ ರಾಜಧಾನಿಯನ್ನು ರಸ್ತೆಯ ಪಕ್ಕಕ್ಕೆ ತಂದ. 1810ರ ಸೆಪ್ಟೆಂಬರ್ 25 ನಗರದ ಹುಟ್ಟುದಿನ. ನಗರದೊಳಗೆ ರಸ್ತೆ ಹಾದುಹೋದ ಬೀದಿಗೆ ಅಂಚೆ ರಸ್ತೆಯದೇ ಹೆಸರು. ಅಲ್ಲಿ ಯೂರೋಪಿಯನ್ನರ ಮೋಜಿನ ಕ್ಲಬ್ಬೊಂದು ಇತ್ತು. 1955ರ ಏಪ್ರಿಲ್ 18ರಿಂದ 24ರವರೆಗೆ ಅದೇ ಕಟ್ಟಡದಲ್ಲಿ ಏಷ್ಯಾ–ಆಫ್ರಿಕದ 29 ದೇಶಗಳ ಸಮ್ಮೇಳನ ನಡೆಯಿತು. ಸುಕರ್ನೊ, ನೆಹರೂ, ಚೌ ಎನ್‌ಲೈ, ನಾಸೆರ್ ಸೇರಿದ್ದರು. ವಸಾಹತುಗಳ ಕಾಲ ಮುಗಿಯಿತೆಂದು ಜಗತ್ತಿಗೆ ಸಾರಿದ ಸಭೆ ಅದು. ಪ್ರತಿನಿಧಿಗಳು ಹೋಟೆಲುಗಳಿಂದ ಸಭಾಭವನಕ್ಕೆ ನಡೆದು ಬಂದದ್ದು ಬಿಟ್ಟಿ ದುಡಿಮೆಯ ಕಾಲದ ಅದೇ ದಾರಿಯಲ್ಲಿ. ಆ ಬೀದಿಯ ಈಗಿನ ಹೆಸರು ‘ಏಷ್ಯಾ–ಆಫ್ರಿಕ ರಸ್ತೆ’.

ಸೆಮರಾಂಗ್ ದಾಟಿದರೆ ದಾರಿ ಇನ್ನೊಂದು ಜಾವಾವನ್ನು ತೋರಿಸುತ್ತದೆ. ದೆಮಾಕ್‌ನಲ್ಲಿ ಜಾವಾದ ಅತಿ ಹಳೆಯ ಮಸೀದಿಗಳಲ್ಲೊಂದಿದೆ. ಕುದುಸ್‌ನ ಮಸೀದಿಯ ಇಟ್ಟಿಗೆಯ ಗೋಪುರ ದೂರದಿಂದ ಹಿಂದೂ ದೇಗುಲದಂತೆ ಕಾಣುತ್ತದೆ. ಹಿಂದೂಗಳ ಮನ ನೋಯಬಾರದೆಂದು ಸಂತ ಸುನಾನ್ ಕುದುಸ್ ಹಸು ಕಡಿಯದಂತೆ ಹೇಳಿದನೆಂಬ ನಂಬಿಕೆಯಿಂದ, ಅಲ್ಲಿನವರು ಸಾರಿಗೆ ಎಮ್ಮೆ ಮಾಂಸ ಬಳಸುವ ರೂಢಿ ಉಳಿಸಿಕೊಂಡಿದ್ದಾರೆ. ರೆಂಬಾಂಗ್‌ನಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಬರೆದ, ದುಡಿದ ಕಾರ್ತಿನಿ 1904ರಲ್ಲಿ ಹೆರಿಗೆಯ ಬೆನ್ನಲ್ಲೇ, 25ನೆಯ ವಯಸ್ಸಿನಲ್ಲಿ ತೀರಿಕೊಂಡರು. ಸುರಬಾಯದಲ್ಲಿ 1945ರ ನವೆಂಬರ್‌ನಲ್ಲಿ ಇಂಡೊನೇಷ್ಯದ ತರುಣರು ಬ್ರಿಟಿಷ್ ಪಡೆಯ ಎದುರು ಹೋರಾಡಿದರು. ಆ ಪಡೆಯಲ್ಲೂ ಹೆಚ್ಚಿನವರು ಭಾರತೀಯ ಸೈನಿಕರು. ಅವರಲ್ಲಿ ಕೆಲವರು ಬಂದೂಕು ಹಿಡಿದೇ ಇಂಡೊನೇಷ್ಯದವರ ಕಡೆ ಸೇರಿಕೊಂಡರು.

2018ರ ಡಿಸೆಂಬರ್‌ನಲ್ಲಿ ಜಕಾರ್ತ ಮತ್ತು ಸುರಬಾಯ ನಡುವೆ ಸುಂಕದ ಹೊಸ ಹೆದ್ದಾರಿ ಪೂರ್ಣವಾಯಿತು. ಅವಸರದವರು ಅದರಲ್ಲಿ ಹೋಗುತ್ತಾರೆ. ನೋಡುತ್ತ ಹೋಗುವವರಿಗೆ ಹಳೆಯ ದಾರಿ ಇದ್ದೇ ಇದೆ. ಎಲ್ಲೋ ಪೇಟೆಬೀದಿಯಾಗಿ, ಎಲ್ಲೋ ರಾಷ್ಟ್ರೀಯ ಹೆದ್ದಾರಿಯಾಗಿ, ಎಲ್ಲೋ ಘಟ್ಟದ ಕಿರಿದಾದ ತಿರುವಾಗಿ. ಪ್ರಮೂದ್ಯ ತಮ್ಮ ಪುಸ್ತಕಕ್ಕೆ ಇಟ್ಟ ಹೆಸರಿನಲ್ಲಿ ದಾರಿಯ ಎರಡು ಹೆಸರುಗಳೂ ಇವೆ: ‘ಅಂಚೆ ರಸ್ತೆ, ಡಾಂಡೆಲ್ಸ್ ರಸ್ತೆ’. ಒಂದು ಅದರ ಉದ್ದೇಶದ್ದು, ಇನ್ನೊಂದು ಆಜ್ಞೆ ಕೊಟ್ಟವನದು. ಅಗೆದವರ ಹೆಸರಿನದು ಇಲ್ಲ. ಅವರ ಕೆಲಸವನ್ನು ಮಾತ್ರ ಆನ್ಯೆರ್‌ನಿಂದ ಪನಾರುಕನ್‌ವರೆಗೆ ಇಂದಿಗೂ ನೋಡಬಹುದು. ಅದರ ಮೇಲೆ ಬಸ್ಸುಗಳು ಓಡುತ್ತಿವೆ.