ಭೂವೀಕ್ಷಣಾ ಉಪಗ್ರಹಗಳ ರೆಸಲ್ಯೂಷನ್: ಚರಿತ್ರೆ

ಉಪಗ್ರಹ ಚಿತ್ರದ ಒಂದು ಚುಕ್ಕಿಯಲ್ಲಿ ನೆಲದ ಎಷ್ಟು ಜಾಗ ಅಡಗಿದೆ ಎಂಬುದೇ ಅದರ ರೆಸಲ್ಯೂಷನ್. ಆ ಜಾಗದೊಳಗಿನ ತೋಟ, ಬದು, ಹಾದಿ ಎಲ್ಲ ಬೆರೆತು ಒಂದೇ ಬಣ್ಣವಾಗುತ್ತವೆ. ನಮ್ಮ ಪಹಣಿಗಳು ಎಕರೆ, ಗುಂಟೆಗಳಲ್ಲಿರುವುದರಿಂದ ಈ ಚರಿತ್ರೆಯನ್ನೂ ಗುಂಟೆಯಲ್ಲೇ ಅಳೆಯುವುದು ಸರಿ.

1972ರ ಅಮೆರಿಕದ ಲ್ಯಾಂಡ್‌ಸ್ಯಾಟ್-1ರ ರೆಸಲ್ಯೂಷನ್ ಸುಮಾರು 80 ಮೀಟರ್ ಇತ್ತು. ಉಡುಪಿ ಸೀಮೆಯ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲಿ ತಯಾರಾಗಿ 1979ರಲ್ಲಿ ಹಾರಿದ ಭಾಸ್ಕರ-1ರ ಟಿ.ವಿ. ಕ್ಯಾಮೆರಾದಲ್ಲಿ ಅದು 1 ಕಿಲೋಮೀಟರ್. ಒಂದು ಚುಕ್ಕಿಗೆ 247 ಎಕರೆ! ಸುಮಾರು 2,650 ಹೆಕ್ಟೇರ್ ಹರವಿನ ಚನ್ನಗಿರಿಯ ಸೂಳೆಕೆರೆ ಇಪ್ಪತ್ತಾರು ಚುಕ್ಕಿಗಳಲ್ಲಿ ಮುಗಿದುಹೋಗುತ್ತಿತ್ತು.

1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐಆರ್‌ಎಸ್-1ಎ ಚಿತ್ರವನ್ನೇ ಬದಲಿಸಿತು. ಅದರ ಲಿಸ್-1 ಕ್ಯಾಮೆರಾಕ್ಕೆ 72.5 ಮೀಟರ್, ಲಿಸ್-2ಕ್ಕೆ 36.25 ಮೀಟರ್, ಅಂದರೆ ಹದಿಮೂರು ಗುಂಟೆ. ಚನ್ನಗಿರಿ, ಹೊನ್ನಾಳಿ ಕಡೆಯ ಭದ್ರಾ ನಾಲೆಯ ಗದ್ದೆಬಯಲು, ಪಕ್ಕದ ಒಣನೆಲದಿಂದ ಬೇರೆಯಾಗಿ ಕಾಣಲು ಇದು ಸಾಕು. 1995ರ ಐಆರ್‌ಎಸ್-1ಸಿ ಕಪ್ಪು-ಬಿಳುಪಿನಲ್ಲಿ 5.8 ಮೀಟರಿಗೆ ಇಳಿಯಿತು. ನಾಗರಿಕ ಉಪಗ್ರಹಗಳಲ್ಲಿ ಆಗ ಅಷ್ಟು ಸೂಕ್ಷ್ಮ ನೋಟ ಜಗತ್ತಿನಲ್ಲೇ ಬೇರೊಂದಕ್ಕಿರಲಿಲ್ಲ. ಬಣ್ಣದ ಲಿಸ್-3 ಮಾತ್ರ 23.5 ಮೀಟರಿನಲ್ಲೇ ಉಳಿಯಿತು.

ಈ ವ್ಯತ್ಯಾಸದ ಬೆಲೆ ಗೊತ್ತಾಗುವುದು ಜಗಳೂರಿನಂಥ ಮಳೆಯಾಶ್ರಿತ ತಾಲ್ಲೂಕಿನಲ್ಲಿ. 21 ಮೀಟರ್ ಉದ್ದಗಲದ ಕೃಷಿಹೊಂಡ ಲಿಸ್-3ರ ಒಂದು ಚುಕ್ಕಿಗಿಂತಲೂ ಚಿಕ್ಕದು. ಅದರ ನೀರು ಸುತ್ತಲಿನ ಹೊಲದ ಬಣ್ಣದಲ್ಲಿ ಕರಗುತ್ತದೆ. 2003ರ ರಿಸೋರ್ಸ್‌ಸ್ಯಾಟ್-1ರ ಲಿಸ್-4 ಬಣ್ಣದಲ್ಲೂ 5.8 ಮೀಟರ್ ಕೊಟ್ಟಾಗ ಅದೇ ಅಳತೆಯ ಹೊಂಡಕ್ಕೆ ಹದಿಮೂರು ಚುಕ್ಕಿಗಳು ಸಿಗುವಂತಾಯಿತು. ಒಂಬತ್ತಡಿ ಅಂತರದ ಅಡಿಕೆ ಮರಗಳನ್ನು ಒಂದೊಂದಾಗಿ ಗುರುತಿಸಲು 2007ರ ಕಾರ್ಟೊಸ್ಯಾಟ್-2ರಂತೆ ಒಂದು ಮೀಟರಿಗಿಂತ ಸೂಕ್ಷ್ಮವಾದ ನೋಟ ಬೇಕು. 2019ರ ಕಾರ್ಟೊಸ್ಯಾಟ್-3 ಸುಮಾರು 25 ಸೆಂಟಿಮೀಟರಿಗೆ ತಲುಪಿದೆ.

ಆದರೆ ಸೂಕ್ಷ್ಮವಾದದ್ದೆಲ್ಲ ರೈತನಿಗೆ ಮೇಲಲ್ಲ. ನೋಟ ಚೂಪಾದಷ್ಟೂ ಅದರ ಪಟ್ಟಿ ಕಿರಿದಾಗುತ್ತದೆ, ಮತ್ತೆ ಅದೇ ಊರಿನ ಮೇಲೆ ಬರಲು ದಿನ ಹಿಡಿಯುತ್ತದೆ. ರಿಸೋರ್ಸ್‌ಸ್ಯಾಟ್-1ರ ಲಿಸ್-4 ಬಣ್ಣದಲ್ಲಿ ನೋಡುತ್ತಿದ್ದುದು ಸುಮಾರು 23 ಕಿಲೋಮೀಟರ್ ಅಗಲ. ಅದೇ ಉಪಗ್ರಹದ 56 ಮೀಟರಿನ ಎವಿಫ್ಸ್ ಕ್ಯಾಮೆರಾ 740 ಕಿಲೋಮೀಟರ್ ಅಗಲವನ್ನು ಐದು ದಿನಕ್ಕೊಮ್ಮೆ ನೋಡುತ್ತಿತ್ತು. ನ್ಯಾಮತಿಯ ಮೆಕ್ಕೆಜೋಳ ಯಾವ ವಾರ ಬಾಡಿತೆಂದು ತಿಳಿಯಲು ಎರಡನೆಯದೇ ಹೆಚ್ಚು ಉಪಯುಕ್ತ. ಯುರೋಪಿನ ಸೆಂಟಿನೆಲ್-2 ಜೋಡಿ 2017ರ ಹೊತ್ತಿಗೆ ಈ ಎರಡು ಗುಣಗಳನ್ನೂ ಒಟ್ಟಿಗೆ ತಂದಿತು: ಐದು ದಿನಕ್ಕೊಂದು ನೋಟ, ಉಚಿತ ಚಿತ್ರ, 10 ಮೀಟರ್ ಚುಕ್ಕಿ. ಅದು ಹೆಚ್ಚುಕಡಿಮೆ ಒಂದೇ ಗುಂಟೆ. ಮುಂಗಾರಿನ ಮೋಡದ ಮುಂದೆ ಇವೆಲ್ಲವೂ ಕುರುಡು. ಅಲ್ಲಿ 2012ರ ರಿಸ್ಯಾಟ್-1ರಂಥ ರೇಡಾರ್ ಉಪಗ್ರಹಗಳೇ ಕೆಲಸಕ್ಕೆ ಬರುತ್ತವೆ.