ಲಿವರ್‌ವರ್ಟ್ ಕಲಿಸಿದ ವರ್ಣತಂತು ಪಾಠ

ಸಸ್ಯಗಳಲ್ಲೂ ಲಿಂಗ ವರ್ಣತಂತುಗಳಿವೆ ಎಂಬುದು ಮೊದಲು ಗೊತ್ತಾದದ್ದು ಹೂಗಿಡದಿಂದಲ್ಲ, ಒದ್ದೆ ನೆಲಕ್ಕಂಟಿ ಬೆಳೆಯುವ ಲಿವರ್‌ವರ್ಟ್‌ನಿಂದ.

1917ರಲ್ಲಿ ಅಮೆರಿಕದ ಚಾರ್ಲ್ಸ್ ಅಲೆನ್ ಸ್ಫೀರೋಕಾರ್ಪಸ್ ಎಂಬ ಜಾತಿಯಲ್ಲಿ ಇದನ್ನು ತೋರಿಸಿಕೊಟ್ಟರು. ಇದರ ಬೀಜಕಗಳು ನಾಲ್ಕು ನಾಲ್ಕಾಗಿ ಅಂಟಿಕೊಂಡಿರುತ್ತವೆ. ಮೊಳೆತರೆ ಎರಡು ಹೆಣ್ಣು, ಎರಡು ಗಂಡು. ಹೆಣ್ಣಿನಲ್ಲಿ ಒಂದು ದೊಡ್ಡ ವರ್ಣತಂತು, ಗಂಡಿನಲ್ಲಿ ಅದರ ಜಾಗದಲ್ಲಿ ತೀರಾ ಚಿಕ್ಕದು.

1928ರಲ್ಲಿ ಸಸ್ಯವಿಜ್ಞಾನಿ ಎಮಿಲ್ ಹೈಟ್ಸ್ ಪೆಲ್ಲಿಯಾ ಎಂಬ ಲಿವರ್‌ವರ್ಟ್‌ನಂಥ ಸಸ್ಯಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಕೋಶ ವಿಭಜನೆ ಮುಗಿದ ಮೇಲೂ ವರ್ಣತಂತುವಿನ ಕೆಲವು ಭಾಗಗಳು ಬಿಚ್ಚಿಕೊಳ್ಳದೆ ದಟ್ಟವಾಗಿಯೇ ಉಳಿದಿದ್ದವು. ಅದಕ್ಕೆ ಹೆಟೆರೋಕ್ರೊಮ್ಯಾಟಿನ್ ಎಂದು ಹೆಸರಿಟ್ಟರು.

ಮಾರ್ಕಾಂಷಿಯಾ ಎಂಬ ಮತ್ತೊಂದು ಲಿವರ್‌ವರ್ಟ್‌ನ ಜೀನೋಮ್ ಪ್ರಕಟವಾದದ್ದು 2017ರಲ್ಲಿ. ಹೂಗಿಡಗಳ ವಂಶದಲ್ಲಿ ಇಡೀ ಜೀನೋಮ್ ಮತ್ತೆ ಮತ್ತೆ ಇಮ್ಮಡಿಯಾಗಿದೆ. ಮಾರ್ಕಾಂಷಿಯಾದಲ್ಲಿ ಅಂಥ ಗುರುತು ಸಿಗಲಿಲ್ಲ. ನಿಯಂತ್ರಕ ಜೀನ್‌ಗಳ ನಕಲುಗಳೂ ಕಡಿಮೆ. ಸಸ್ಯ ಜೀನ್‌ಗಳ ಮೂಲ ಕೆಲಸವನ್ನು ಅರಿಯಲು ಮಾರ್ಕಾಂಷಿಯಾ ಇಂದು ಪ್ರಯೋಗಾಲಯಗಳ ಮೆಚ್ಚಿನ ಸಸ್ಯವಾಗಿರುವುದಕ್ಕೆ ಇದೂ ಒಂದು ಕಾರಣ.