ನಾಡಿ ಎಣಿಸಲು ಕಲಿಸಿದ ಶಾಲೆ

ಮಂಡಿ ಮೊಹಲ್ಲಾದ ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ, ಇಲ್ಲಿನ ವಿಜ್ಞಾನ ಪಾಠದ ಬಗ್ಗೆ ಬರೆಯಬೇಕೆಂದು ನನ್ನನ್ನು ಕೇಳಿದ್ದಾರೆ. ನಾನು ಎಸ್ಸೆಸ್ಸೆಲ್ಸಿ ಆದ ಮೇಲೆ ಕಾಮರ್ಸ್ ಓದಿ, ಮಂಡಿಯಲ್ಲಿ ಲೆಕ್ಕ ಬರೆದು ಬದುಕಿದವನು. ಆದರೂ ಸಂತೋಷದಿಂದ ಒಪ್ಪಿಕೊಂಡೆ.

ನಮ್ಮಂಥವರಿಗೂ ವಿಜ್ಞಾನ ಸಿಕ್ಕಿದ್ದಕ್ಕೆ ಒಂದು ಇತಿಹಾಸವಿದೆ. ಸ್ವತಃ ವೈದ್ಯರಾಗಿದ್ದ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ 1952-53ರ ಆಯೋಗ, ಪ್ರೌಢಶಾಲೆಯ ಎಲ್ಲ ಮಕ್ಕಳಿಗೂ ಸಾಮಾನ್ಯ ವಿಜ್ಞಾನ ಇರಬೇಕೆಂದಿತು. 1964-66ರ ಕೊಠಾರಿ ಆಯೋಗ ಮೊದಲ ಹತ್ತು ವರ್ಷದ ಓದಿನಲ್ಲಿ ವಿಜ್ಞಾನ, ಗಣಿತ ಎಲ್ಲರಿಗೂ ಕಡ್ಡಾಯವಾಗಲಿ ಎಂದು ಶಿಫಾರಸು ಮಾಡಿತು.

1930ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಬಂದ ಮೆಡಿಕಲ್ ಕಾಲೇಜು ನಮ್ಮ ಮೊಹಲ್ಲಾದಿಂದ ನಡೆದು ಹೋಗುವಷ್ಟೇ ದೂರ. ಅದರ ಪ್ರಯೋಗಶಾಲೆಯನ್ನು ನಾವು ಕಂಡವರಲ್ಲ. ನಮ್ಮದು ಒಂದು ಮರದ ಬೀರು, ನಾಲ್ಕು ಗಾಜಿನ ನಳಿಕೆ. ಮೇಷ್ಟ್ರು ಮನೆಯಿಂದ ಅನ್ನದ ಗಂಜಿ ತರುತ್ತಿದ್ದರು. ಎರಡು ನಳಿಕೆಗೆ ಗಂಜಿ ಹಾಕಿ, ಒಂದಕ್ಕೆ ನಮ್ಮ ಎಂಜಲು ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು ಅಯೋಡಿನ್ ಬಿಡುತ್ತಿದ್ದೆವು. ಬರೀ ಗಂಜಿ ಕಡುನೀಲಿಯಾಗುತ್ತಿತ್ತು. ಎಂಜಲು ಸೇರಿದ್ದು ಆಗುತ್ತಿರಲಿಲ್ಲ. ಪಿಷ್ಟ ಬಾಯಲ್ಲೇ ಸಕ್ಕರೆಯಾಗತೊಡಗುತ್ತದೆಂದು ಹಾಗೆ ತಿಳಿಯಿತು. ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಕಲಸಿ, ಮೇಲಿನ ತಿಳಿಗೆ ಕೊಳವೆಯಿಂದ ಉಸಿರೂದಿದರೆ ಹಾಲಿನಂತೆ ಬೆಳ್ಳಗಾಗುತ್ತಿತ್ತು. ಅದು ನಾವು ಬಿಡುವ ಇಂಗಾಲದ ಡೈಆಕ್ಸೈಡಿನ ಗುರುತು.

ಕೊನೆಗೆ ನಾಡಿ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ 1707ರಲ್ಲೇ ನಾಡಿ ಎಣಿಸಲೆಂದು ಒಂದು ನಿಮಿಷ ಓಡುವ ಗಡಿಯಾರ ಬಳಸಿದ್ದ. ನಮಗೆ ಮೇಷ್ಟ್ರ ಎಚ್‌ಎಂಟಿ ವಾಚೇ ಗಡಿಯಾರ. ಕೂತಾಗ ಎಷ್ಟು, ಮೈದಾನ ಒಂದು ಸುತ್ತು ಓಡಿ ಬಂದಾಗ ಎಷ್ಟು, ಉಸಿರು ಎಷ್ಟು, ಎಲ್ಲ ಬರೆದಿಡಬೇಕು. "ನಾವೇನು ಡಾಕ್ಟರಾಗ್ತೀವಾ ಸಾರ್?" ಎಂದು ನಾನೇ ಕೇಳಿದ್ದೆ. "ಆಗದಿದ್ದರೇನೋ? ಮೈ ನಿನ್ನ ಜೊತೇಲೇ ಇರುತ್ತಲ್ಲ" ಎಂದರು.

ಅದರ ಅರ್ಥ ಎಷ್ಟೋ ವರ್ಷದ ಮೇಲೆ ಒಂದು ರಾತ್ರಿ ತಿಳಿಯಿತು. ಎರಡು ವರ್ಷದ ಮಗಳಿಗೆ ಕೆಮ್ಮು, ಜ್ವರ. ಬೆಳಿಗ್ಗೆ ನೋಡೋಣ ಎಂದರು ಮನೆಯವರು. ನನ್ನ ಕೈ ತಾನಾಗಿ ವಾಚಿಗೆ ಹೋಯಿತು. ಮಲಗಿದ್ದ ಮಗುವಿನ ಎದೆ ನೋಡುತ್ತಾ ಪೂರಾ ಒಂದು ನಿಮಿಷ ಎಣಿಸಿದೆ: 58. ಸರಿಯಾದ ಲೆಕ್ಕ ಎಷ್ಟೆಂದು ಗೊತ್ತಿರಲಿಲ್ಲ. ಇದು ವಿಪರೀತ ಎಂದು ಮಾತ್ರ ಅನಿಸಿತು. ಆಗಲೇ ಎತ್ತಿಕೊಂಡು ಚೆಲುವಾಂಬ ಆಸ್ಪತ್ರೆಗೆ ನಡೆದೆ. ನ್ಯುಮೋನಿಯಾ. ಕೆಮ್ಮಿರುವ ಒಂದರಿಂದ ಐದು ವರ್ಷದ ಮಗು ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡಿದರೆ ತಡಮಾಡಬಾರದೆಂದು ಅಲ್ಲಿನ ವೈದ್ಯರು ಹೇಳಿದರು. ಮಗಳು ಉಳಿದಳು.

ಇಂದಿನ ಮಕ್ಕಳಲ್ಲೂ ಹೆಚ್ಚಿನವರು ಮುಂದೆ ವಿಜ್ಞಾನ ಓದಲಿಕ್ಕಿಲ್ಲ. ಆದ್ದರಿಂದಲೇ ಈ ಪ್ರಯೋಗಗಳನ್ನು ಬರೀ ಪುಸ್ತಕದಲ್ಲಿ ಓದಿಸಿ ಬಿಡಬೇಡಿ ಎಂದು ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ. ಗಂಜಿ, ಸುಣ್ಣ, ಒಂದು ವಾಚು ಸಾಕು.